ಪಂಚಾಯಿತಿ ಕಚೇರಿಗೊಂದು ವೈ-ಫೈ, ಊರಿಗೊಂದು ವೈ-ಫೈ: ಮಾಡಬೇಕಾದ್ದು, ಮಾಡಬಾರದ್ದು

ಇದು ರಾಯಚೂರು, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಿಗೆ ಬರೆದ ಸೂಚನೆ. ಪಿಡಿಒ, ಕಾರ್ಯದರ್ಶಿ, ಡಾಟಾ ಎಂಟ್ರಿ ಆಪರೇಟರ್, ಅರಿವು ಕೇಂದ್ರದ ಮೇಲ್ವಿಚಾರಕರು, ಪೆಟ್ಟಿಗೆ ತಂದು ಗೋಡೆಗೆ ಹೊಡೆದು ಹೋಗುವ ಗುತ್ತಿಗೆದಾರರು, ಎಲ್ಲರೂ ಓದಬೇಕು. ಬರೆಯುವಾಗ ಚಂದ್ರಬಂಡ ಕಣ್ಣಮುಂದಿದೆ. ಅದು ರಾಯಚೂರು ತಾಲ್ಲೂಕಿನ ಹೋಬಳಿ ಊರು. ಸುತ್ತಲಿನ ಹಳ್ಳಿಗಳ ಮಂದಿ ಪಹಣಿಗೆ, ಜಾತಿ ಆದಾಯದ ಪ್ರಮಾಣಪತ್ರಕ್ಕೆ, ಬೀಜ ಗೊಬ್ಬರಕ್ಕೆ ಬಂದು ಕಾಯುವುದು ಇಂಥ ಊರುಗಳಲ್ಲೇ. ಕಾಯುವವರ ಕೈಯಲ್ಲಿ ಫೋನಿದೆ. ಊರಿನ ಹುಡುಗ ಹುಡುಗಿಯರು ಪೊಲೀಸ್ ಕಾನ್‌ಸ್ಟೆಬಲ್, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿದ್ದಾರೆ. ಅವರಿಗೆ ಉಚಿತ ವೈ-ಫೈ ಕೊಡಲೇಬೇಕು. ಇತ್ತ ಪಂಚಾಯಿತಿ ಕಚೇರಿಯಲ್ಲಿ ಊರಿನ ಆಸ್ತಿ ದಾಖಲೆ, ಉದ್ಯೋಗ ಖಾತರಿಯ ಹಾಜರಿ, ಪಂಚಾಯಿತಿಯ ರೊಕ್ಕದ ಲೆಕ್ಕ ಎಲ್ಲವೂ ಕಂಪ್ಯೂಟರಿನ ಮೇಲೆ ನಡೆಯುತ್ತಿದೆ. ಅದನ್ನು ಕಾಯಲೇಬೇಕು. ಎರಡರಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ.

ಆದ್ದರಿಂದ ಮೊದಲ ನಿಯಮ ಇದು, ಉಳಿದದ್ದೆಲ್ಲ ಇದರ ವಿವರ: ನೌಕರರ ಜಾಲ, ಸಾರ್ವಜನಿಕರ ಜಾಲ ಎರಡೂ ಫೈರ್‌ವಾಲಿನ (ಜಾಲದ ಬಾಗಿಲು ಕಾಯುವ ಯಂತ್ರ) ಹಿಂದೆ ಬೇರೆಬೇರೆಯಾಗಿರಬೇಕು. ಒಂದರಿಂದ ಇನ್ನೊಂದಕ್ಕೆ ದಾರಿ ಇರಕೂಡದು.

ಹಳ್ಳಿಯ ಪಂಚಾಯಿತಿಗೆ ಯಾರು ಕನ್ನ ಹಾಕುತ್ತಾರೆ ಎಂದು ಕೇಳುವವರಿಗೆ ಪಕ್ಕದ ರಾಜ್ಯದ ಸಂಗತಿ ಹೇಳಬೇಕು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳಿಗೆ ಬಡಿದಾಗ, ಕೇರಳದ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿಯ ಕಂಪ್ಯೂಟರುಗಳೂ ಬೀಗ ಬಿದ್ದು ಕೂತವು. ಬಿಟ್‌ಕಾಯಿನ್ ರೂಪದಲ್ಲಿ 300 ಡಾಲರ್ ಕೊಟ್ಟರೆ ಕಡತ ಬಿಡುತ್ತೇವೆ ಎಂಬ ಬೇಡಿಕೆ ಪರದೆಯ ಮೇಲೆ ಬಂತು. ಆ ತಂತ್ರಾಂಶಕ್ಕೆ ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಒಂದೇ ಜಾಲದಲ್ಲಿರುವ ಇನ್ನೊಂದು ವಿಂಡೋಸ್ ಕಂಪ್ಯೂಟರನ್ನು ಅದು 445ನೇ ಪೋರ್ಟಿನ ಮೂಲಕ ತಾನೇ ಹುಡುಕಿಕೊಂಡು ಹೋಗುತ್ತಿತ್ತು. ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ, ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ದೊಡ್ಡ ಸಂಸ್ಥೆಗೂ ಇದೇ ಪಾಡು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ 5 ಸರ್ವರುಗಳು ದಾಳಿಗೆ ಸಿಕ್ಕಿ, ಸುಮಾರು 1.3 ಟೆರಾಬೈಟ್ ಮಾಹಿತಿ ಗೂಢಲಿಪಿಯಾಗಿ ಕೂತಿತು. ರೋಗಿಗಳ ನೋಂದಣಿಯನ್ನು ದಿನಗಟ್ಟಲೆ ಕೈಬರಹದಲ್ಲಿ ನಡೆಸಬೇಕಾಯಿತು. ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಕಾರಣ, ಜಾಲವನ್ನು ಸರಿಯಾಗಿ ವಿಂಗಡಿಸಿರಲಿಲ್ಲ ಎಂಬುದೇ. ಏಮ್ಸ್‌ನಲ್ಲಿ ಮಾಡದೆ ಬಿಟ್ಟದ್ದನ್ನು ನಮ್ಮ ಪಂಚಾಯಿತಿಯಲ್ಲಿ ಮಾಡುವುದು ಸಾಧ್ಯ. ಬೇಕಾಗುವ ಸಾಮಾನು ಹೆಚ್ಚಿಲ್ಲ.

ಕೇಬಲ್ ಬರುವ ದಾರಿ

ಭಾರತ್‌ನೆಟ್ ಫೈಬರ್ ಬಂದು ನಿಲ್ಲುವ ಪೆಟ್ಟಿಗೆಯಿಂದ (ಒಎನ್‌ಟಿ ಅನ್ನುತ್ತಾರೆ) ಹೊರಡುವ ಕೇಬಲ್ ಒಂದೇ ಇರಬೇಕು, ಅದು ನೇರ ಫೈರ್‌ವಾಲಿಗೆ ಹೋಗಬೇಕು. ಫೈರ್‌ವಾಲಿನಿಂದ ಮ್ಯಾನೇಜ್ಡ್ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಕಂಪ್ಯೂಟರಿಗೆ ಮತ್ತು ವೈ-ಫೈ ಹರಡುವ ಆಕ್ಸೆಸ್ ಪಾಯಿಂಟಿಗೆ. ಈ ಸಾಲು ತಪ್ಪಬಾರದು.

ಇಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ಫೈಬರ್ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ತನ್ನದೇ ವೈ-ಫೈ ಇರುತ್ತದೆ, ಹಿಂದೆ ಮೂರ್ನಾಲ್ಕು ಪೋರ್ಟುಗಳೂ ಇರುತ್ತವೆ. ಸಾವಿರಾರು ರೂಪಾಯಿಯ ಫೈರ್‌ವಾಲ್ ಹಾಕಿಸಿ, ಪೆಟ್ಟಿಗೆಯ ವೈ-ಫೈಯನ್ನು ಚಾಲೂ ಬಿಟ್ಟರೆ, ಅದಕ್ಕೆ ಅಂಟಿಕೊಂಡವರೆಲ್ಲ ಫೈರ್‌ವಾಲಿನ ಹೊರಗೇ ಓಡಾಡುತ್ತಾರೆ. ಮೀಟಿಂಗ್ ಹಾಲಿಗೆಂದು ಆ ಪೆಟ್ಟಿಗೆಯ ಎರಡನೇ ಪೋರ್ಟಿನಿಂದ ಇನ್ನೊಂದು ವೈರ್ ಎಳೆದರೂ ಅದೇ ಆಗುತ್ತದೆ. ಪೆಟ್ಟಿಗೆಯ ವೈ-ಫೈ ಬಂದ್ ಮಾಡಿಸಿ. ಉಳಿದ ಪೋರ್ಟುಗಳನ್ನೂ ಬಂದ್ ಮಾಡಿಸಿ. ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಮೊದಲು ನಿಮ್ಮ ಕಣ್ಣಿಂದ ನೋಡಿ.

ಫೈರ್‌ವಾಲಿಗೆ ದುಬಾರಿ ಯಂತ್ರವೇ ಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ಎಂಬ ಉಚಿತ ತಂತ್ರಾಂಶಗಳು ಎರಡು ನೆಟ್‌ವರ್ಕ್ ಕಾರ್ಡಿರುವ ಸಾಧಾರಣ ಕಂಪ್ಯೂಟರಿನ ಮೇಲೂ ನಡೆಯುತ್ತವೆ. ನಮ್ಮ ಕೆಲಸಕ್ಕೆ ಬೇಕಾದ್ದೆಲ್ಲ ಅವುಗಳಲ್ಲಿದೆ. ರೊಕ್ಕ ಉಳಿದರೆ ಅದನ್ನು ಒಳ್ಳೆಯ ಯುಪಿಎಸ್‌ಗೆ ಹಾಕಿ.

ಕೆ-ಸ್ವಾನ್ ಜಾಲದ ಕೇಬಲ್ ಬಂದಿರುವ ಯಾವ ಕಚೇರಿಯಲ್ಲೂ ಆ ಕೇಬಲಿಗೆ ವೈ-ಫೈ ರೌಟರ್ ಚುಚ್ಚಕೂಡದು. ಸಾಹೇಬರ ಫೋನಿಗೆ ಸಿಗ್ನಲ್ ಇಲ್ಲವೆಂದರೂ ಕೂಡದು. ಅದು ಇಡೀ ರಾಜ್ಯದ ಕಚೇರಿಗಳನ್ನು ಜೋಡಿಸಿದ ಜಾಲ. ಒಂದು ಕಚೇರಿಯ ಅಗ್ಗದ ರೌಟರಿನಿಂದ ಅದರೊಳಕ್ಕೆ ಬಾಗಿಲು ತೆಗೆದಂತಾಗುತ್ತದೆ.

ಜಾಲವನ್ನು ಎಷ್ಟು ಭಾಗ ಮಾಡಬೇಕು? ಕನಿಷ್ಠ ನಾಲ್ಕು: ನೌಕರರದು, ಸಾರ್ವಜನಿಕರದು, ಸಿಸಿಟಿವಿ ಮತ್ತು ಪ್ರಿಂಟರಿನದು, ಫೈರ್‌ವಾಲ್ ಹಾಗೂ ಸ್ವಿಚ್ಚನ್ನು ನಿರ್ವಹಿಸುವುದು. ಒಂದೇ ಸ್ವಿಚ್ಚಿನ ಮೇಲೆ ಇವನ್ನು ಬೇರೆ ಮಾಡುವ ವಿಧಾನಕ್ಕೆ ವಿಎಲ್‌ಎಎನ್ ಎಂದು ಹೆಸರು. ನೌಕರರಿಗೆ 10, ಸಾರ್ವಜನಿಕರಿಗೆ 20, ಹೀಗೆ ಸಂಖ್ಯೆ ಕೊಟ್ಟು ಒಂದು ಹಾಳೆಯಲ್ಲಿ ಬರೆದಿಡಿ. ಕ್ಯಾಮೆರಾ ಪೆಟ್ಟಿಗೆಯನ್ನು ನೌಕರರ ಜಾಲಕ್ಕೆ ಸೇರಿಸಬೇಡಿ, ಅದಕ್ಕೆ ವರ್ಷಗಟ್ಟಲೆ ಅಪ್‌ಡೇಟ್ ಬಂದಿರುವುದಿಲ್ಲ. ಬಳಸದ ಸ್ವಿಚ್ ಪೋರ್ಟುಗಳನ್ನು ಆರಿಸಿಡಿ.

ಕಾರ್ಖಾನೆಯ ಪಾಸ್‌ವರ್ಡ್

ಪೆಟ್ಟಿಗೆ ಬಿಚ್ಚಿದ ದಿನವೇ ಅದರ ಅಡ್ಮಿನ್ ಪಾಸ್‌ವರ್ಡ್ ಬದಲಿಸಬೇಕು. ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ನೋಡಿದೆ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ, ‘ಅಡ್ಮಿನ್’ ಎಂಬ ಹುಟ್ಟು ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳನ್ನು ಒಂದು ದುಷ್ಟ ತಂತ್ರಾಂಶ ಹುಡುಕಿ ಹುಡುಕಿ ಕೆಡಿಸಿತು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆಲ್ಲ ಹೇಳಬೇಕಾಯಿತು.

ಫೈರ್‌ವಾಲಿನ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಹಾಕಿ ಕಚೇರಿಯ ಬೀರುವಿನಲ್ಲಿಡಿ. ಪಿಡಿಒ ವರ್ಗವಾದಾಗ ಚಾರ್ಜ್ ಪಟ್ಟಿಯಲ್ಲಿ ಆ ಲಕೋಟೆಯೂ ಇರಬೇಕು, ಹೊಸಬರು ಬಂದ ದಿನವೇ ಪಾಸ್‌ವರ್ಡ್ ಬದಲಾಗಬೇಕು. ಒಬ್ಬರೇ ಎರಡು ಪಂಚಾಯಿತಿಗಳ ಪ್ರಭಾರ ನೋಡುವುದು ಉಂಟು. ಎರಡೂ ಕಡೆ ಒಂದೇ ಪಾಸ್‌ವರ್ಡ್ ಇಡಬೇಡಿ. ಜಾಲ ಹಾಕಿದ ಗುತ್ತಿಗೆದಾರರ ಬಳಿ ಮಾತ್ರ ಪಾಸ್‌ವರ್ಡ್ ಇದ್ದು, ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ ಎಂಬ ಸ್ಥಿತಿ ಒಂದು ದಿನವೂ ಇರಬಾರದು. ಇಂಟರ್ನೆಟ್ ಕಡೆಯಿಂದ ಫೈರ್‌ವಾಲಿನ ನಿರ್ವಹಣೆಯ ಪುಟ ತೆರೆಯದಂತೆ ಮಾಡಿ. ರಿಪೇರಿಗೆಂದು, ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಹಾಕಿಸಿಕೊಂಡಿದ್ದರೆ ಕೆಲಸ ಮುಗಿದ ಕೂಡಲೇ ತೆಗೆಸಿ.

ನೌಕರರ ಜಾಲ

ಒಬ್ಬೊಬ್ಬ ನೌಕರರಿಗೂ ಪ್ರತ್ಯೇಕ ಲಾಗಿನ್ ಕೊಡಬೇಕು. ವೈ-ಫೈ ಸೆಟ್ಟಿಂಗಿನಲ್ಲಿ ‘ಎಂಟರ್‌ಪ್ರೈಸ್’ ಎಂದು ಇರುವುದು ಇದಕ್ಕೇ. ಅದರ ಹಿಂದೆ ರೇಡಿಯಸ್ ಎಂಬ ಸರ್ವರ್ ಬೇಕು, ಆ ಕೆಲಸವನ್ನು ಮೇಲೆ ಹೇಳಿದ ಉಚಿತ ತಂತ್ರಾಂಶಗಳೇ ಮಾಡುತ್ತವೆ. ಹೀಗಿದ್ದರೆ ಒಬ್ಬರು ವರ್ಗವಾದಾಗ ಅವರ ಲಾಗಿನ್ ಒಂದನ್ನು ತೆಗೆದರೆ ಸಾಕು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಅದು ಬಿಲ್ ಕಲೆಕ್ಟರಿಂದ ಅವರ ತಮ್ಮನಿಗೆ, ತಮ್ಮನಿಂದ ಗೆಳೆಯರಿಗೆ ಹೋಗಿ, ತಿಂಗಳೊಳಗೆ ಬಸ್‌ಸ್ಟ್ಯಾಂಡಿಗೆ ಮುಟ್ಟಿರುತ್ತದೆ.

ಸಾಧ್ಯವಿದ್ದಲ್ಲಿ ಡಬ್ಲ್ಯೂಪಿಎ3, ಇಲ್ಲವಾದರೆ ಡಬ್ಲ್ಯೂಪಿಎ2. ಅದಕ್ಕಿಂತ ಹಳೆಯದು ಬೇಡ. ಡಬ್ಲ್ಯೂಇಪಿ ಎಂಬ ಹಳೆಯ ಬೀಗ 2001ರಲ್ಲೇ ಮುರಿದದ್ದು. ಆಮೇಲೂ ಅದನ್ನೇ ನಂಬಿದ ಅಮೆರಿಕದ ಟಿಜೆಎಕ್ಸ್ ಎಂಬ ಅಂಗಡಿ ಸರಪಳಿಯಿಂದ, 2005ರಿಂದ ನಡೆದ ಕಳವಿನಲ್ಲಿ, ಕನಿಷ್ಠ 4 ಕೋಟಿ 57 ಲಕ್ಷ ಕಾರ್ಡುಗಳ ವಿವರ ಹೋಯಿತು. ಕಳ್ಳರು ಒಳಹೊಕ್ಕಿದ್ದು ಒಂದು ಅಂಗಡಿಯ ವೈ-ಫೈ ಮೂಲಕ. ಡಬ್ಲ್ಯೂಪಿಎಸ್ ಗುಂಡಿಯನ್ನೂ ಆರಿಸಿಬಿಡಿ. ಅದರ ಎಂಟು ಅಂಕಿಯ ಪಿನ್ ಊಹಿಸಲು ಹೆಚ್ಚೆಂದರೆ 11,000 ಪ್ರಯತ್ನ ಸಾಕೆಂದು 2011ರಲ್ಲೇ ಬಯಲಾಗಿದೆ.

ನೌಕರರ ಸ್ವಂತ ಫೋನುಗಳು ನೌಕರರ ಜಾಲಕ್ಕೆ ಬರಬಾರದು. ಈ ಮಾತು ಯಾರಿಗೂ ರುಚಿಸುವುದಿಲ್ಲ, ಆದರೂ ಬಿಡುವಂತಿಲ್ಲ. ಮನೆಗೆ ಹೋದಾಗ ಮಕ್ಕಳು ಆಟದ ಆ್ಯಪ್ ಹಾಕಿಕೊಳ್ಳುವ ಫೋನು, ಇ-ಸ್ವತ್ತು ತೆರೆದಿರುವ ಕಂಪ್ಯೂಟರಿನ ಪಕ್ಕದಲ್ಲಿ ಒಂದೇ ಜಾಲದಲ್ಲಿ ಕೂರಕೂಡದು. ಸ್ವಂತ ಫೋನಿಗೆ ಸಾರ್ವಜನಿಕ ವೈ-ಫೈ ಬಳಸಲಿ. ಅಧ್ಯಕ್ಷರಿಗೂ ಸದಸ್ಯರಿಗೂ ಇದೇ ನಿಯಮ, ವಿನಾಯಿತಿ ಇಲ್ಲ.

ಹೆಸರು ಮುಚ್ಚಿಟ್ಟರೆ ವೈ-ಫೈ ಸುರಕ್ಷಿತ ಎಂದು ನಂಬಬೇಡಿ, ಮುಚ್ಚಿಟ್ಟ ಹೆಸರನ್ನು ಕ್ಷಣದಲ್ಲಿ ಹಿಡಿಯಬಹುದು. ಒಂದೊಂದು ಸಾಧನದ ಗುರುತಾದ ಮ್ಯಾಕ್ ವಿಳಾಸದ ಪಟ್ಟಿಯನ್ನೂ ನೆಚ್ಚಬೇಡಿ. ಅದನ್ನು ನಕಲು ಮಾಡುವುದು ಸುಲಭ. ಸಾಲದ್ದಕ್ಕೆ ಆಂಡ್ರಾಯ್ಡ್ 10ರಿಂದ ಈಚೆಯ ಫೋನುಗಳು ಆ ವಿಳಾಸವನ್ನು ಜಾಲಕ್ಕೊಂದರಂತೆ ತಾವೇ ಬದಲಿಸುತ್ತವೆ.

ಹಣ ಪಾವತಿಗೆ ಬಳಸುವ ಡಿಜಿಟಲ್ ಸಹಿಯ ಡಾಂಗಲ್ ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಇರಬಾರದು. ಪಿಡಿಒ ಅವರದು ಪಿಡಿಒ ಬಳಿ, ಅಧ್ಯಕ್ಷರದು ಅಧ್ಯಕ್ಷರ ಬಳಿ. ಎರಡೂ ಆಪರೇಟರ್ ಟೇಬಲಿನ ಡ್ರಾದಲ್ಲಿ, ಪಿನ್ ಬರೆದ ಚೀಟಿಯ ಜೊತೆ ಇರುವುದಾದರೆ ಯಾವ ಫೈರ್‌ವಾಲೂ ಕಾಪಾಡುವುದಿಲ್ಲ.

ಸಾರ್ವಜನಿಕರ ಜಾಲ

ಇಲ್ಲಿ ಫೈರ್‌ವಾಲಿಗೆ ಬರೆಯುವ ಆದೇಶಗಳ ಕ್ರಮವೇ ಮುಖ್ಯ. ಇಂಥ ಫೈರ್‌ವಾಲ್ ಆದೇಶಗಳನ್ನು ಮೇಲಿಂದ ಕೆಳಗೆ ಓದುತ್ತದೆ. ಮೊದಲು ಹೊಂದಿದ್ದನ್ನು ಪಾಲಿಸಿ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಹೆಸರು ಹುಡುಕುವ ಡಿಎನ್‌ಎಸ್ ಸೇವೆಗೆ ಮೊದಲು ಅನುಮತಿ. ಆಮೇಲೆ ಫೈರ್‌ವಾಲಿನ ನಿರ್ವಹಣೆಯ ಪುಟಕ್ಕೆ ತಡೆ. ಅದರ ಕೆಳಗೆ ಎಲ್ಲ ಖಾಸಗಿ ವಿಳಾಸಗಳಿಗೂ ತಡೆ: 10ರಿಂದ ಶುರುವಾಗುವುದು, 172.16ರಿಂದ 172.31ರವರೆಗೆ, 192.168. ಇವೆಲ್ಲ ಆದ ಮೇಲೆ, ಕಟ್ಟಕಡೆಗೆ, ಇಂಟರ್ನೆಟ್ಟಿಗೆ ಅನುಮತಿ. ಅನುಮತಿಯ ಸಾಲು ಮೇಲೆ ಬಂದು ತಡೆಯ ಸಾಲು ಕೆಳಗಾದರೆ ತಡೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಐಪಿವಿ4ಗೆ ಬರೆದಷ್ಟೇ ಎಚ್ಚರದಿಂದ ಐಪಿವಿ6ಗೂ ಬರೆಯಬೇಕು. ಅದನ್ನು ಬರೆಯಲು ಬಾರದಿದ್ದರೆ ಸಾರ್ವಜನಿಕ ಜಾಲದಲ್ಲಿ ಐಪಿವಿ6 ಆರಿಸಿ. 25ನೇ ಪೋರ್ಟನ್ನು ಮುಚ್ಚಿ, ಕಸದ ಮೇಲ್ ಕಳಿಸುವ ಸೋಂಕಿತ ಫೋನುಗಳ ಹಾದಿ ಅದು.

ಆಕ್ಸೆಸ್ ಪಾಯಿಂಟಿನಲ್ಲಿ ‘ಕ್ಲೈಂಟ್ ಐಸೊಲೇಶನ್’ ಚಾಲೂ ಇರಬೇಕು. ಒಂದೇ ಬೆಂಚಿನಲ್ಲಿ ಕೂತ ಇಬ್ಬರ ಫೋನುಗಳು ಜಾಲದ ಒಳಗೆ ಒಂದನ್ನೊಂದು ನೋಡಬಾರದು.

ಬಳಸುವವರು ಯಾರೆಂಬುದು ದಾಖಲಾಗಬೇಕು. 2008ರ ಜುಲೈ 26ರ ಅಹಮದಾಬಾದ್ ಸ್ಫೋಟದ ದಿನ ಬೆದರಿಕೆಯ ಇ-ಮೇಲ್ ಹೊರಟದ್ದು ನವಿ ಮುಂಬೈನ ಒಂದು ಮನೆಯ, ಬೀಗವಿಲ್ಲದ ವೈ-ಫೈಯಿಂದ. ತನಿಖೆ ಮೊದಲು ಹೋಗಿ ನಿಂತದ್ದು ಆ ಮನೆಯ ಬಾಗಿಲಲ್ಲಿ. ಅದಾದ ಮೇಲೆ ದೂರಸಂಪರ್ಕ ಇಲಾಖೆ 2009ರ ಫೆಬ್ರುವರಿ 23ರಂದು, ಸಾರ್ವಜನಿಕ ವೈ-ಫೈ ಬಳಸುವವರ ಗುರುತನ್ನು ಫೋಟೊ ಗುರುತಿನ ಚೀಟಿಯಿಂದಲೋ ಮೊಬೈಲಿಗೆ ಕಳಿಸುವ ಎಸ್‌ಎಂಎಸ್‌ನಿಂದಲೋ ಖಾತರಿ ಮಾಡಿಕೊಂಡು ಒಂದು ವರ್ಷ ಇಟ್ಟುಕೊಳ್ಳಬೇಕೆಂದು ಸೂಚಿಸಿತು. ಎರಡರಲ್ಲಿ ಎಸ್‌ಎಂಎಸ್ ಒಟಿಪಿಯ ದಾರಿಯನ್ನೇ ಹಿಡಿಯಿರಿ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ವೈ-ಫೈ ನಡೆಸಿದರೆ, ಬಳಕೆದಾರರನ್ನು ಗುರುತಿಸುವ ಕೆಲಸ ನೋಂದಾಯಿತ ಸಂಸ್ಥೆಗಳ ಮೇಲಿರುತ್ತದೆ, ಪಂಚಾಯಿತಿ ಪ್ರತ್ಯೇಕ ಲೈಸೆನ್ಸ್ ಪಡೆಯಬೇಕಿಲ್ಲ.

ಆಧಾರ್ ಝೆರಾಕ್ಸ್ ಕೇಳಬೇಡಿ. ವೈ-ಫೈ ಕೊಡಲು ಆಧಾರ್ ಬೇಕಿಲ್ಲ. ಮೇಲ್ವಿಚಾರಕರ ಟೇಬಲಿನ ಮೇಲೆ ಊರಿನವರ ಆಧಾರ್ ಪ್ರತಿಗಳು ರಾಶಿ ಬೀಳುವುದು ವೈ-ಫೈ ಸೋರಿಕೆಗಿಂತ ದೊಡ್ಡ ಅಪಾಯ. ಹೆಸರು, ಮೊಬೈಲ್ ನಂಬರ್, ಸಮಯ ಸಾಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ, ಬೇಕಾದಷ್ಟೇ ಕೇಳಬೇಕು, ಕೇಳಿದ್ದಕ್ಕಷ್ಟೇ ಬಳಸಬೇಕು. ಫೋನಿಲ್ಲದ ಮಕ್ಕಳನ್ನು ವಾಪಸ್ ಕಳಿಸಬೇಡಿ. ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ, ಮೇಲ್ವಿಚಾರಕರ ಎದುರು, ಅವರಿಗೆ ಜಾಗ ಕೊಡಿ. ಆ ಕಂಪ್ಯೂಟರುಗಳೂ ಸಾರ್ವಜನಿಕರ ಜಾಲದಲ್ಲೇ ಇರಬೇಕು.

ವೇಗ ಹಂಚುವ ವಿಷಯವನ್ನು ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಗೆ ಹೊಲವಿರುವ ಜಿಲ್ಲೆ ನಮ್ಮದು, ಮೇಲ್ಭಾಗದಲ್ಲಿ ನೀರೆತ್ತಿದರೆ ಕೆಳಗಿನ ಗದ್ದೆ ಒಣಗುವುದನ್ನು ವರ್ಷವರ್ಷವೂ ನೋಡುತ್ತೇವೆ. ವೈ-ಫೈಯೂ ಹಾಗೆಯೇ. ಮಿತಿ ಹಾಕದಿದ್ದರೆ ಒಬ್ಬರ ಸಿನಿಮಾ ಡೌನ್‌ಲೋಡಿಗೆ ಹತ್ತು ಮಂದಿಯ ಪಾಠ ನಿಲ್ಲುತ್ತದೆ. 100 ಎಂಬಿಪಿಎಸ್ ಸಂಪರ್ಕವಿದ್ದರೆ 40 ಕಚೇರಿಗೆ ಕಾಯ್ದಿರಿಸಿ, ಉಳಿದದ್ದರಲ್ಲಿ ಒಬ್ಬರಿಗೆ 3 ಎಂಬಿಪಿಎಸ್ ಮಿತಿ ಇಡಿ. ಪಾಠದ ವಿಡಿಯೊಗೆ ಅದು ಸಾಕು.

ಯೂಟ್ಯೂಬ್ ಬಂದ್ ಮಾಡಬೇಡಿ. ಹುಡುಗರು ಹಾಳಾಗುತ್ತಾರೆ ಎಂದು ಹಿರಿಯರು ಒತ್ತಾಯಿಸುತ್ತಾರೆ. ಆದರೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಕೋಚಿಂಗ್ ಪಡೆಯಲು ರೊಕ್ಕವಿಲ್ಲದ ಮಕ್ಕಳಿಗೆ ಯೂಟ್ಯೂಬೇ ಮೇಷ್ಟ್ರು. ಹೆಣ್ಣುಮಕ್ಕಳಿಗಂತೂ ಊರು ಬಿಟ್ಟು ಹೋಗಿ ಓದುವ ದಾರಿ ಎಷ್ಟೋ ಮನೆಗಳಲ್ಲಿ ಇನ್ನೂ ತೆರೆದಿಲ್ಲ. 2011ರ ಜನಗಣತಿಯಲ್ಲಿ ಶೇ 60ರಷ್ಟೂ ಸಾಕ್ಷರತೆ ಮುಟ್ಟದ ಜಿಲ್ಲೆಯಲ್ಲಿ ಕಲಿಯುವ ಬಾಗಿಲನ್ನು ಮುಚ್ಚುವ ಹಕ್ಕು ಯಾರಿಗೂ ಇಲ್ಲ. ಅಶ್ಲೀಲ ತಾಣ ಮತ್ತು ವಂಚಕ ತಾಣಗಳಿಗೆ ಡಿಎನ್‌ಎಸ್ ಮಟ್ಟದಲ್ಲಿ ತಡೆ ಹಾಕಿ. ಕ್ಲೌಡ್‌ಫ್ಲೇರ್ ಸಂಸ್ಥೆ ಉಚಿತವಾಗಿ ಕೊಡುವ 1.1.1.3 ಎಂಬ ವಿಳಾಸ ಇದನ್ನು ಮಾಡುತ್ತದೆ. ಇಷ್ಟು ತಡೆ ಸಾಕು.

ಅರಿವು ಕೇಂದ್ರದ ಬಾಗಿಲಿಗೆ ದಪ್ಪಕ್ಷರದ ಫಲಕ ಹಾಕಿ: ‘ಈ ವೈ-ಫೈ ನಿಮ್ಮ ಆಧಾರ್ ನಂಬರ್, ಬ್ಯಾಂಕ್ ವಿವರ, ಯುಪಿಐ ಪಿನ್ ಕೇಳುವುದಿಲ್ಲ. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಹಾಕಿಕೊಳ್ಳಲು ಹೇಳುವುದಿಲ್ಲ. ಕೇಳಿದರೆ ಅದು ನಮ್ಮದಲ್ಲ.’ ಅದೇ ಹೆಸರಿನಲ್ಲಿ ಕಳ್ಳ ವೈ-ಫೈ ಎಬ್ಬಿಸುವುದು ಕಷ್ಟದ ಕೆಲಸವಲ್ಲ, ಅದಕ್ಕೆ ಈ ಎಚ್ಚರಿಕೆ.

ಬಿಸಿಲು, ಸಿಡಿಲು, ದೂರ

ನಮ್ಮ ಬೇಸಿಗೆಯಲ್ಲಿ ತಗಡಿನ ಕೆಳಗೆ ಯಾವ ಪೆಟ್ಟಿಗೆಯೂ ಬಾಳುವುದಿಲ್ಲ. ಗಾಳಿಯಾಡುವ, ಬೀಗವಿರುವ ರ್‍ಯಾಕಿನಲ್ಲಿಡಿ. ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಬಾರದು. ಅರಿವು ಕೇಂದ್ರ ಬೇರೆ ಕಟ್ಟಡದಲ್ಲಿದ್ದರೆ ನಡುವೆ ಫೈಬರ್ ಎಳೆಯುವುದೇ ಸರಿ. ಸಿಡಿಲಿನ ಹೊಡೆತ ಗಾಜಿನ ಎಳೆಯಲ್ಲಿ ಹರಿಯುವುದಿಲ್ಲ, ತಾಮ್ರದಲ್ಲಿ ಹರಿದು ಬಂದು ಸ್ವಿಚ್ಚನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಸುಡುತ್ತದೆ. ಹೊರಗೆ ಆಕ್ಸೆಸ್ ಪಾಯಿಂಟ್ ಹಾಕಿದ್ದರೆ ಅರ್ಥಿಂಗ್ ಮತ್ತು ಸರ್ಜ್ ತಡೆ ಕಡ್ಡಾಯ.

ಪ್ರತಿ ತಿಂಗಳ ಪರೀಕ್ಷೆ

ಸಾರ್ವಜನಿಕ ವೈ-ಫೈಗೆ ನಿಮ್ಮ ಫೋನ್ ಸೇರಿಸಿ, ಬ್ರೌಸರಿನಲ್ಲಿ ಫೈರ್‌ವಾಲಿನ ವಿಳಾಸ ಹಾಕಿ. ತೆರೆಯಬಾರದು. ಪ್ರಿಂಟರ್, ಕ್ಯಾಮೆರಾ ಪೆಟ್ಟಿಗೆಯ ವಿಳಾಸಗಳನ್ನು ಹಾಕಿ. ಅವೂ ತೆರೆಯಬಾರದು. ಒಂದಾದರೂ ತೆರೆದರೆ ಸರಿಯಾಗುವವರೆಗೆ ಸಾರ್ವಜನಿಕ ಜಾಲ ಆರಿಸಿಡಿ, ಮತ್ತು ಅದೇ ದಿನ ಸರಿಮಾಡಿಸಿ. ವಾರಗಟ್ಟಲೆ ‘ವೈ-ಫೈ ಕೆಟ್ಟಿದೆ’ ಎಂದು ಮಕ್ಕಳಿಗೆ ಹೇಳಬೇಡಿ. ಫೈರ್‌ವಾಲಿನ ಸೆಟ್ಟಿಂಗ್‌ಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಡಿ. ತಂತ್ರಾಂಶದ ಅಪ್‌ಡೇಟನ್ನೂ ಇದೇ ದಿನ ಹಾಕಿ.

ಕೆಟ್ಟದ್ದು ನಡೆದಾಗ

ಕಂಪ್ಯೂಟರಿನಲ್ಲಿ ಕಡತಗಳು ತೆರೆಯದೆ ರೊಕ್ಕ ಕೇಳುವ ಸಂದೇಶ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು ಹಾಕಿ, ವೈ-ಫೈ ಆರಿಸಿ. ಫಾರ್ಮ್ಯಾಟ್ ಮಾಡಿಸಬೇಡಿ, ಪುರಾವೆ ಅಳಿಸಿ ಹೋಗುತ್ತದೆ. ರೊಕ್ಕ ಕೊಡಬೇಡಿ. ಮೇಲಿನವರು ಬೈಯುತ್ತಾರೆಂದು ಮುಚ್ಚಿಡಲೇಬೇಡಿ. ತಾಲ್ಲೂಕು ಪಂಚಾಯಿತಿಗೆ ತಿಳಿಸಿದ್ದು ಬರಹದಲ್ಲಿರಲಿ. ಸೈಬರ್ ಅವಘಡಗಳನ್ನು ನೋಡಿಕೊಳ್ಳುವ ಕೇಂದ್ರದ ಸೆರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳು ಸೈಬರ್ ಅವಘಡವನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ದೇಶದೊಳಗೇ ಉಳಿಸಿಕೊಳ್ಳಬೇಕು, ಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಸಿರಬೇಕು. ಗಡಿಯಾರ ಹತ್ತು ನಿಮಿಷ ತಪ್ಪಾಗಿದ್ದರೂ ಲಾಗ್ ಬೆರಳು ತೋರಿಸುವುದು ಯಾರೋ ನಿರಪರಾಧಿಯ ಕಡೆಗೆ.

ಸೆರ್ಟ್-ಇನ್ ಉಚಿತ ದೂರವಾಣಿ 1800-11-4949. ವೈ-ಫೈ ಬಳಸಿದ ಯಾರದಾದರೂ ಖಾತೆಯಿಂದ ರೊಕ್ಕ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಎರಡೂ ನಂಬರನ್ನು ಇವತ್ತೇ ಆಪರೇಟರ್ ಟೇಬಲಿನ ಎದುರು ಬರೆದು ಅಂಟಿಸಿ.